ಮನೆಯ ವರಮಾನ, ಮಗುವಿನ ಓದು: ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಇದನ್ನು ಅಳೆಯುವುದು ಹೇಗೆ?

ಎಣ್ಮಕಜೆ ಓದುಗ

ಎಂ.ಎಡ್. ಪ್ರಬಂಧಕ್ಕೆ ಆರಿಸಿಕೊಂಡ ವಿಷಯ: ಮನೆಯ ವರಮಾನಕ್ಕೂ ಮಕ್ಕಳ ಕಲಿಕೆಗೂ, ಓದಿನ ಬಗ್ಗೆ ಅವರಿಗಿರುವ ಮನೋಭಾವಕ್ಕೂ ಏನು ಸಂಬಂಧ. ಕ್ಷೇತ್ರ ಮಂಜೇಶ್ವರ ಮತ್ತು ಕಾಸರಗೋಡು ತಾಲೂಕಿನ ಕನ್ನಡ ಮಾಧ್ಯಮ ಹೈಸ್ಕೂಲುಗಳು. ಈಗಿರುವ ಯೋಜನೆ ಹೀಗೆ: ಎರಡು ಶಾಲೆ, ಒಟ್ಟು 85 ಮಕ್ಕಳು. ಒಂದು ಪ್ರಶ್ನಾವಳಿಯಲ್ಲಿ "ನಿಮ್ಮ ಮನೆಯ ವಾರ್ಷಿಕ ವರಮಾನ ಎಷ್ಟು?" ಎಂದು ಕೇಳಿ ನಾಲ್ಕು ಚೌಕ ಕೊಡುವುದು. ಕಲಿಕೆಗೆ ಎಸ್‌ಎಸ್‌ಎಲ್‌ಸಿ ಫಲಿತಾಂಶ. ಮನೋಭಾವಕ್ಕೆ "ಪೂರ್ತಿ ಒಪ್ಪುತ್ತೇನೆ"ಯಿಂದ "ಒಪ್ಪುವುದೇ ಇಲ್ಲ"ವರೆಗಿನ 20 ವಾಕ್ಯಗಳು. ಇದರಲ್ಲಿ ಎಲ್ಲಿ ತಪ್ಪಾಗುತ್ತದೆ ಎಂದು ಬಲ್ಲವರು ಬಿಡಿಸಿ ಹೇಳಬೇಕು.

ಲೆಕ್ಕದ ಮಾಷ್ಟ್ರು

ಎಸ್‌ಎಸ್‌ಎಲ್‌ಸಿ ಪಾಸು–ಫೇಲನ್ನು ಅಳತೆಗೋಲಾಗಿ ಇಟ್ಟರೆ ಅಧ್ಯಯನ ಅಲ್ಲಿಗೇ ಮುಗಿಯಿತು. ಕೇರಳದಲ್ಲಿ 2024ರಲ್ಲಿ ತೇರ್ಗಡೆ 99.69 ಶೇಕಡ, 2025ರಲ್ಲಿ 99.5. ಬಡವರ ಮಗುವೂ ಪಾಸು, ಉಳ್ಳವರ ಮಗುವೂ ಪಾಸು. ಎಲ್ಲರೂ ಒಂದೇ ಕಡೆ ಇರುವ ಅಂಕಿಗೆ ಯಾವುದರ ಜೊತೆಗೂ ಸಂಬಂಧ ಕಾಣಿಸದು.

ಗ್ರೇಡ್ ತೆಗೆದುಕೊಳ್ಳುತ್ತೇನೆ ಎಂದರೂ ಎಚ್ಚರ ಬೇಕು. ಎ ಪ್ಲಸ್ ಅಂದರೆ 90ರ ಮೇಲೆ, ಡಿ ಪ್ಲಸ್ ಅಂದರೆ 30ರಿಂದ 39. ನಡುವೆ ಹತ್ತು ಹತ್ತರ ಮೆಟ್ಟಿಲು. ಆದರೆ 100 ಅಂಕದ ವಿಷಯದಲ್ಲಿ 20 ಅಂಕ ನಿರಂತರ ಮೌಲ್ಯಮಾಪನದ್ದು, ಅದು ಶಾಲೆಯೇ ಕೊಡುವಂಥದ್ದು. ಅಲ್ಲಿ ಮಕ್ಕಳ ಮಧ್ಯೆ ಅಂತರ ತೀರಾ ಕಡಿಮೆ. ಹತ್ತನೆಯದರ ಗ್ರೇಡ್ ಬಿಟ್ಟು ಒಂಬತ್ತನೇ ತರಗತಿಯ ಮಕ್ಕಳನ್ನು ತೆಗೆದುಕೊಂಡು ಶಾಲೆಯ ಬರವಣಿಗೆ ಪರೀಕ್ಷೆಯ ಅಂಕವನ್ನು ಮಾತ್ರ ಪಡೆಯಿರಿ. ಲಿಖಿತದಲ್ಲಿ ಪ್ರತಿ ವಿಷಯಕ್ಕೂ ಕನಿಷ್ಠ 30 ಶೇಕಡ ಬೇಕೆಂಬ ನಿಯಮ 2024–25ರಲ್ಲಿ ಎಂಟನೇ ತರಗತಿಯಿಂದ ಶುರುವಾಗಿ ಮೇಲಕ್ಕೆ ಬರುತ್ತಿದೆ. ಹಾಗಾಗಿ ಶಾಲೆಗಳು ಆ ಅಂಕವನ್ನು ಈಗ ಬೇರೆಯಾಗಿಯೇ ನೋಡುತ್ತವೆ, ಸಿಗುವುದು ಕಷ್ಟವಲ್ಲ.

ಅದರ ಜೊತೆ ನಿಮ್ಮದೇ ಒಂದು ಓದಿನ ಪರೀಕ್ಷೆ ಇಟ್ಟುಕೊಳ್ಳಿ. ಒಂಬತ್ತನೇ ತರಗತಿಗಾದರೆ ಏಳನೇ ತರಗತಿಯ ಸಮಾಜ ವಿಜ್ಞಾನ ಪಾಠದ ಸುಮಾರು 120 ಪದಗಳ ಒಂದು ತುಂಡು. ಮಗುವನ್ನು ಒಬ್ಬೊಬ್ಬರಾಗಿ ಕೂರಿಸಿ ಗಟ್ಟಿಯಾಗಿ ಓದಿಸಿ, ಒಂದು ನಿಮಿಷದಲ್ಲಿ ಸರಿಯಾಗಿ ಓದಿದ ಪದ ಎಷ್ಟು ಎಂದು ಬರೆದುಕೊಳ್ಳಿ, ಮೇಲೆ ನಾಲ್ಕು ಪ್ರಶ್ನೆ ಕೇಳಿ. ನಾಲ್ಕರಲ್ಲಿ ಎರಡು ಪಾಠದಲ್ಲೇ ಇರುವ ಉತ್ತರದವು, ಎರಡು ಯೋಚಿಸಿ ಹೇಳಬೇಕಾದವು. ಇಲ್ಲಿಯ ಮನೆಗಳಲ್ಲಿ ತುಳು, ಹವ್ಯಕ, ಬ್ಯಾರಿ, ಕೊಂಕಣಿ, ಮಲಯಾಳ, ಮರಾಠಿ ಎಲ್ಲ ಉಂಟು. ಉಚ್ಚಾರ ಬೇರೆಯಾಯಿತೆಂದು ತಪ್ಪು ಹಾಕಬೇಡಿ, ಪದ ಬೇರೆಯಾದರೆ ಮಾತ್ರ ಹಾಕಿ.

ಇನ್ನು 85ರ ಲೆಕ್ಕ. ಆ ಸಂಖ್ಯೆ ಬಂದದ್ದು ವರಮಾನಕ್ಕೂ ಅಂಕಕ್ಕೂ ಸಹಸಂಬಂಧ (ಎರಡು ಅಳತೆಗಳು ಎಷ್ಟರಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂಬ ಅಂಕಿ; ಸ್ವಲ್ಪವೂ ಇಲ್ಲದಿದ್ದರೆ 0, ಪೂರ್ತಿ ಇದ್ದರೆ 1) 0.3 ಇದ್ದರೆ ಅದು ಕಾಣಲು ಎಷ್ಟು ಮಕ್ಕಳು ಬೇಕೆಂಬ ಕೋಷ್ಟಕದಿಂದ, ಸರಿಯೇ. ಆದರೆ ಆ ಕೋಷ್ಟಕ ಒಬ್ಬರಿಗೊಬ್ಬರು ಸಂಬಂಧವಿಲ್ಲದ ಮಕ್ಕಳಿಗೆ. ಒಂದೇ ಶಾಲೆಯ ಮಕ್ಕಳು ಒಂದೇ ಟೀಚರ ಕೈಯಲ್ಲಿ ಕಲಿತವರು, ಒಂದೇ ಊರಿನವರು. ಶಾಲೆಯೊಳಗಿನ ಈ ಹೋಲಿಕೆ 0.2 ಇದ್ದು, ಶಾಲೆಗೆ 30 ಮಕ್ಕಳನ್ನು ತೆಗೆದುಕೊಂಡರೆ 85ನ್ನು ಗುಣಿಸಬೇಕಾದ ಗುಣಕ 1 + 29 × 0.2 = 6.8. ಅಂದರೆ 85 ಅಲ್ಲ, 578 ಮಕ್ಕಳು ಬೇಕು. ಶಾಲೆಗೆ 15ರಂತೆ ತೆಗೆದರೆ ಗುಣಕ 3.8ಕ್ಕೆ ಇಳಿದು ಸುಮಾರು 323 ಸಾಕು, 22 ಶಾಲೆಗೆ ಮುಗಿಯುತ್ತದೆ. ಮಕ್ಕಳನ್ನು ಹೆಚ್ಚಿಸುವುದಕ್ಕಿಂತ ಶಾಲೆಗಳನ್ನು ಹೆಚ್ಚಿಸಿ.

ಎಣ್ಮಕಜೆ ಓದುಗ

ಮಾಷ್ಟ್ರೇ, 0.3 ಎಂಬುದು ಎಲ್ಲಿಂದ? ಕೆಲವು ಕಡೆ 0.6, 0.7 ಎಂದೂ ಓದಿದ್ದೇನೆ.

ಲೆಕ್ಕದ ಮಾಷ್ಟ್ರು

ಎರಡೂ ನಿಜ, ಎರಡೂ ಬೇರೆ ಬೇರೆ ವಿಷಯ. 1982ರಲ್ಲಿ ವೈಟ್ ಎಂಬ ಸಂಶೋಧಕ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿದಾಗ ಕಂಡದ್ದು: ಒಂದೊಂದು ಮಗುವನ್ನು ಲೆಕ್ಕಕ್ಕೆ ತೆಗೆದರೆ ಮನೆಯ ಸ್ಥಿತಿಗೂ ಅಂಕಕ್ಕೂ ಸಂಬಂಧ ಸುಮಾರು 0.22, ಶಾಲೆ, ಊರುಗಳ ಸರಾಸರಿ ತೆಗೆದರೆ 0.73. 2005ರಲ್ಲಿ ಸಿರಿನ್ ಮತ್ತೆ ನೋಡಿದಾಗ ಮಗುವಿನ ಮಟ್ಟದಲ್ಲಿ 0.3ರ ಆಸುಪಾಸು, ಶಾಲೆಯ ಮಟ್ಟದಲ್ಲಿ 0.6ರ ಮೇಲೆ. 0.3ರ ವರ್ಗ 0.09. ಮಕ್ಕಳ ಅಂಕದಲ್ಲಿ ಕಾಣುವ ಏರಿಳಿತದಲ್ಲಿ ಸುಮಾರು 9 ಶೇಕಡಕ್ಕೆ ಮಾತ್ರ ಮನೆಯ ಸ್ಥಿತಿ ಹೊಂದಿಕೊಳ್ಳುತ್ತದೆ. ಇದನ್ನು ಪ್ರಬಂಧದ ಮೊದಲ ಪುಟದಲ್ಲೇ ಬರೆಯಿರಿ. ಬಡ ಮಕ್ಕಳು ಒಂದೇ ಶಾಲೆಯಲ್ಲಿ ಸೇರಿಕೊಂಡಾಗ ಆ ಶಾಲೆಯ ಸರಾಸರಿ ಇಳಿಯುವುದು ಹೌದು. ಹಾಗೆಂದು ಎದುರು ಕೂತಿರುವ ಈ ಮಗು ಬಡವರದ್ದು, ಇವನಿಂದ ಇಷ್ಟೇ ಆಗುವುದು ಎಂದು ಹೇಳಲು ಯಾವ ಅಂಕಿಯೂ ಅನುಮತಿ ಕೊಡುವುದಿಲ್ಲ. ಟೀಚರುಗಳ ಕೋಣೆಯಲ್ಲಿ ಈ ಮಾತು ದಿನಾ ಕೇಳುವಂಥದ್ದು, ಅದನ್ನು ನಿಲ್ಲಿಸಲಿಕ್ಕಾದರೂ ನಿಮ್ಮ ಕೆಲಸ ಉಪಯೋಗವಾಗಲಿ.

ಬೇಳದ ಟೀಚರ್

"ವಾರ್ಷಿಕ ವರಮಾನ ಎಷ್ಟು" ಎಂಬ ಪ್ರಶ್ನೆಯನ್ನು ಮೊದಲು ತೆಗೆದುಹಾಕಿ. ಮಗುವಿಗೆ ಗೊತ್ತಿರುವುದಿಲ್ಲ. ಅಪ್ಪನಿಗೆ ಗೊತ್ತಿದ್ದರೂ ಬರೆಯುವುದು ವಿಲ್ಲೇಜ್ ಆಫೀಸಿನಿಂದ ತಂದ ವರಮಾನ ಸರ್ಟಿಫಿಕೇಟಿನ ಅಂಕಿಯನ್ನು, ಅದು ಯಾವುದೋ ಸವಲತ್ತಿನ ಮಿತಿಗೆ ಸರಿಯಾಗಿ ಅದರ ಕೆಳಗೆ ಕೂತಿರುತ್ತದೆ. ಎಲ್ಲರೂ ಒಂದೇ ಗೆರೆಯ ಕೆಳಗೆ ಗುಂಪಾಗಿರುವ ಪಟ್ಟಿಯಿಂದ ಏನು ಕಲಿಯುವುದು?

ನಮ್ಮ ಕಡೆ ಮನೆಯ ಹಣ ವರ್ಷಕ್ಕೆ ಎಷ್ಟು ಎನ್ನುವುದಕ್ಕಿಂತ ಯಾವ ತಿಂಗಳಲ್ಲಿ ಎಷ್ಟು ಎನ್ನುವುದೇ ಮುಖ್ಯ. ಕೇರಳದ ಶಾಲೆ ತೆರೆಯುವುದು ಜೂನ್ ಮೊದಲ ವಾರ. ನೋಟ್ ಪುಸ್ತಕ, ಕೊಡೆ, ಚಪ್ಪಲಿ, ಬ್ಯಾಗು, ಒಂಬತ್ತು–ಹತ್ತಕ್ಕಾದರೆ ಟ್ಯೂಷನಿನ ಮುಂಗಡ, ಎಲ್ಲ ಆ ಹದಿನೈದು ದಿನದಲ್ಲಿ ಬೇಕು. ಅದೇ ಹೊತ್ತಿಗೆ ಅಡಿಕೆ ತೋಟದವನಿಗೆ ಕೊಳೆರೋಗಕ್ಕೆ ಮದ್ದು ಬಿಡುವ ಖರ್ಚು: ಮೇ ಕೊನೆಗೆ ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ, ಮೈಲುತುತ್ತು, ಸುಣ್ಣ, ಮರ ಹತ್ತುವವರ ಕೂಲಿ. ಕೂಲಿಯವರಿಗೆ ಮಳೆಯಲ್ಲಿ ಕೆಲಸವೇ ಕಡಿಮೆ. ಕಡಪ್ಪುರದ (ಕಡಲ ಬದಿಯ) ಮನೆಗಳಿಗೆ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ನಿಷೇಧ. ಬೋಟಿನ ಕೆಲಸಕ್ಕೆ ಹೋಗುವವನು ಮನೆಯಲ್ಲಿ. ಬೀಡಿ ಕಟ್ಟುವ ಅಮ್ಮನಿಗೆ ಸಾವಿರ ಬೀಡಿಯ ಲೆಕ್ಕದಲ್ಲಿ ಕೂಲಿ, ಬೀಡಿ ಕಂಪನಿಯ ಬ್ರಾಂಚಿನಲ್ಲಿ ಎಲೆ ಸಿಗದ ವಾರ ಏನೂ ಇಲ್ಲ.

ಇದರ ಪಕ್ಕದಲ್ಲೇ ಎರಡೆಕರೆ ತೋಟದ ಇನ್ನೊಂದು ಮನೆ. ಅವರು ಚಾಲಿ (ಒಣಗಿಸಿದ) ಅಡಿಕೆ ಗೋಣಿಯಲ್ಲಿ ಕಟ್ಟಿ ಅಟ್ಟದಲ್ಲಿ ಇಟ್ಟಿರುತ್ತಾರೆ, ಜೂನಿನಲ್ಲಿ ಒಂದು ಗೋಣಿ ಮಾರಿದರೆ ಮಗುವಿನ ಖರ್ಚು ಕಳೆಯಿತು. ಎರಡೂ ಮನೆಯ ವಾರ್ಷಿಕ ಅಂಕಿ ಹತ್ತಿರ ಹತ್ತಿರ ಇರಬಹುದು, ಮಗುವಿನ ಜೂನ್ ತಿಂಗಳು ಬೇರೆ ಬೇರೆ.

ಆದ್ದರಿಂದ 12 ತಿಂಗಳ ಒಂದು ಪಟ್ಟಿ ಮಾಡಿ, ತಾಯಿಯ ಹತ್ತಿರ ಮೂರೇ ಪ್ರಶ್ನೆ ಕೇಳಿ: ಯಾವ ತಿಂಗಳು ಕೈಯಲ್ಲಿ ಹಣ ಇರುತ್ತದೆ, ಯಾವ ತಿಂಗಳು ಅಂಗಡಿಯಲ್ಲಿ ಸಾಲ ಬರೆಸಬೇಕಾಗುತ್ತದೆ, ಯಾವ ತಿಂಗಳು ಕುಟುಂಬಶ್ರೀಯಿಂದಲೋ (ಹೆಂಗಸರ ಸ್ವಸಹಾಯ ಸಂಘ) ಚಿನ್ನ ಅಡವಿಟ್ಟೋ ತರುತ್ತೀರಿ. ತಂದೆಗಿಂತ ತಾಯಿಯ ಉತ್ತರ ಸರಿಯಾಗಿರುತ್ತದೆ, ಅಂಗಡಿಯ ಪುಸ್ತಕ ಅವರ ಕೈಯಲ್ಲಿ. ಆಮೇಲೆ ಹಾಜರಿ ಪುಸ್ತಕ ತೆಗೆದು, ಮಗು ಬಾರದ ದಿನಗಳು ಆ ಸಾಲದ ತಿಂಗಳಲ್ಲಿ ಬೀಳುತ್ತವೆಯೋ ನೋಡಿ.

ಕಣಿಪುರ

ಟೀಚರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಮನೆಯ ಸ್ಥಿತಿ ತಿಳಿಯಲು ಮನೆಯಲ್ಲಿರುವ ವಸ್ತುಗಳ ಪಟ್ಟಿ ಕೊಟ್ಟು ಉಂಟು–ಇಲ್ಲ ಎಂದು ಗುರುತು ಹಾಕಿಸುವುದು ಒಳ್ಳೆಯ ದಾರಿ, ಆದರೆ ಹಳೆಯ ಪ್ರಬಂಧಗಳ ಪಟ್ಟಿಯನ್ನು ಹಾಗೇ ಎತ್ತಬೇಡಿ. ವಿದ್ಯುತ್, ಟಿವಿ, ಮೊಬೈಲು ಕೇಳಿ ಪ್ರಯೋಜನವಿಲ್ಲ. ಕೇರಳ ಸಂಪೂರ್ಣ ವಿದ್ಯುದೀಕರಣ ಎಂದು ಘೋಷಿಸಿದ್ದೇ 2017ರಲ್ಲಿ. ನೂರಕ್ಕೆ 95 ಮನೆಯಲ್ಲಿರುವ ವಸ್ತು ಪಟ್ಟಿಯಲ್ಲಿ ಇದ್ದೂ ಇಲ್ಲದ ಹಾಗೆ. ಬದಲಿಗೆ ಕೇಳಬೇಕಾದ್ದು: ಬಾಗಿಲು ಹಾಕಿ ಓದಲು ಕೋಣೆ ಉಂಟೋ, ಮೊಬೈಲು ಎಷ್ಟು ಮತ್ತು ಅದು ರಾತ್ರಿ ಎಂಟಕ್ಕೆ ಯಾರ ಕೈಯಲ್ಲಿ, ಬೇಸಿಗೆಯಲ್ಲಿ ನೀರು ಎಲ್ಲಿಂದ ಯಾರು ತರುತ್ತಾರೆ, ಪಠ್ಯವಲ್ಲದ ಪುಸ್ತಕ ಮನೆಯಲ್ಲಿ ಎಷ್ಟು (ಪಿಸಾ ಎಂಬ ಅಂತಾರಾಷ್ಟ್ರೀಯ ಪರೀಕ್ಷೆಯ ಪ್ರಶ್ನಾವಳಿಯಲ್ಲೂ ಇದನ್ನು ಕೇಳುತ್ತಾರೆ), ತಾಯಿ ಎಷ್ಟನೇ ತರಗತಿಯವರೆಗೆ ಓದಿದ್ದಾರೆ.

ರೇಷನ್ ಕಾರ್ಡಿನ ಬಣ್ಣವನ್ನೂ ಬರೆದುಕೊಳ್ಳಿ: ತೀರಾ ಬಡವರಿಂದ ಉಳ್ಳವರ ಕಡೆಗೆ ಹಳದಿ, ಗುಲಾಬಿ, ನೀಲಿ, ಬಿಳಿ. ಅದು ನಿಖರ ಅಲ್ಲ, ಗಲ್ಫಿನಲ್ಲಿ ದುಡಿಯುವ ಮನೆಯಲ್ಲಿ ಗುಲಾಬಿಯೂ ಸಿಗಬಹುದು. ಆದರೆ ಬೇರೆ ಉತ್ತರಗಳ ಜೊತೆ ಇಟ್ಟು ನೋಡಲು ಒಳ್ಳೆಯದು.

ಇದನ್ನೆಲ್ಲ ತರಗತಿಯಲ್ಲಿ ಕೈ ಎತ್ತಿಸಿ ಕೇಳಬೇಡಿ. ಒಮ್ಮೆ ಹಾಗೆ ಕೇಳಿದರೆ ಆ ಮಗು ಆಮೇಲೆ ಯಾವ ಪ್ರಶ್ನೆಗೂ ಕೈ ಎತ್ತದು.

ಜತ್ತ ತಾಲೂಕು

ನಮ್ಮ ಕಡಿ ಮಾತು ಬ್ಯಾರೆ ಐತ್ರಿ, ಆದ್ರ ಟೀಚರು ಹೇಳಿದ ತಿಂಗಳಿನ ಲೆಕ್ಕ ಇಲ್ಲಿ ಇನ್ನೂ ಖಡಕ್ ಆಗಿ ಕಾಣ್ತದ. ಮಹಾರಾಷ್ಟ್ರದ ಸಾಂಗಲಿ ಜಿಲ್ಲಾದ ಜತ್ತದ ಕನ್ನಡ ಶಾಲಿ ಒಳಗ ದೀಪಾವಳಿ ಆದ ಮ್ಯಾಲ ಬೆಂಚು ಖಾಲಿ. ಕಬ್ಬು ಕಡಿಯಾಕ ಗಂಡ-ಹೆಂಡತಿ ಕೂಡಿ ಒಂದು "ಕೊಯ್ತಾ" ಅಂತ ಲೆಕ್ಕ ಹಿಡಿದು ಮುಕಾದಮ (ಕೂಲಿ ಗುತ್ತಿಗೆದಾರ) ಮೊದಲ ಉಚಲ್ (ಮುಂಗಡ ರೊಕ್ಕ) ಕೊಟ್ಟಿರ್ತಾನ. ಆ ರೊಕ್ಕ ಮಳಿಗಾಲದಾಗ ತಿಂದು ಮುಗಿದಿರ್ತದ. ಆಮ್ಯಾಲ ಮಾರ್ಚ್ ತನಕ ದುಡಿದು ತೀರಿಸೋದು. ವರ್ಷದ ವರಮಾನ ಅಂತ ಬರೆದ್ರ ಅಂಕಿ ಸಣ್ಣದೇನ ಇರಂಗಿಲ್ಲ, ಆದ್ರ ಮಗು ನಾಲ್ಕೈದು ತಿಂಗಳು ಶಾಲಿ ಕಂಡಿರಂಗಿಲ್ಲ.

ಇದಕ್ಕ ಹಂಗಾಮಿ ವಸತಿಗೃಹ ಅಂತ ಅದಾವ: ತಂದಿ-ತಾಯಿ ಹೋದ್ರೂ ಮಗು ಊರಾಗ ಉಳಿದು ಉಣ್ಣಾಕ, ಮಲಗಾಕ ಅನುಕೂಲ. ತಪ್ಪೋದು ಎಲ್ಲಿ ಅಂದ್ರ, ಮಂಜೂರಿ ಬರೋದರೊಳಗ ಟ್ರ್ಯಾಕ್ಟರ್ ಹೋಗಿಬಿಟ್ಟಿರ್ತದ. ಯಾದಿ ಗಣೇಶ ಚೌತಿ ಹೊತ್ತಿಗೇ ಮಾಡಬೇಕು, ಅಜ್ಜಿ ಇರೋ ಮನಿ ಯಾವುದು, ಇಲ್ಲದ್ದು ಯಾವುದು ಅಂತ. ಅಕ್ಕ ಇದ್ದಾಕಿ ತಮ್ಮನ್ನ ನೋಡಿಕೊಳ್ಳಾಕ ಅಂತ ಜೋಡಿ ಹೋಗ್ತಾಳ, ಅದಕ್ಕ ಹೆಣ್ಣು ಹುಡುಗೂರ ಹಾಜರಿ ಬ್ಯಾರೆ ತಗದು ನೋಡ್ರಿ.

ಮಂಜೇಶ್ವರದ ಹಳೆ ವಿದ್ಯಾರ್ಥಿ

ಎಲ್ಲ ಸರಿ, ಆದರೆ ಮನಸ್ಸಿದ್ದರೆ ಮಾರ್ಗ ಇಲ್ಲವೇ? ಬಡತನದಲ್ಲಿ ಓದಿ ಮೇಲೆ ಬಂದವರು ಪ್ರತಿ ಊರಲ್ಲಿ ಇದ್ದಾರೆ. ಮನೋಭಾವ ಸರಿ ಮಾಡಿದರೆ ಹಣದ ಕೊರತೆ ದಾಟಬಹುದು ಎಂದು ನನ್ನ ಅಭಿಪ್ರಾಯ.

ಕಣಿಪುರ

ಅಣ್ಣ, ಇದಕ್ಕೆ ಪುರಾವೆ ಎರಡೂ ಕಡೆ ಉಂಟು, ಎರಡನ್ನೂ ನೋಡುವ. 2016ರಲ್ಲಿ ಚಿಲಿ ದೇಶದ ಹತ್ತನೇ ತರಗತಿಯ ಮಕ್ಕಳ ಮೇಲೆ ಒಂದು ದೊಡ್ಡ ಅಧ್ಯಯನ ಬಂತು. "ಬುದ್ಧಿ ಬೆಳೆಸಿಕೊಳ್ಳಬಹುದು" ಎಂದು ನಂಬಿದ ಅತಿ ಬಡ ಮಕ್ಕಳ ಅಂಕ, ಹಾಗೆ ನಂಬದ ಸಾಕಷ್ಟು ಅನುಕೂಲಸ್ಥ ಮಕ್ಕಳ ಅಂಕಕ್ಕೆ ಸಮನಾಗಿತ್ತು. ನೀವು ಹೇಳುವುದಕ್ಕೆ ಇದು ಬಲ. ಆದರೆ ಅದೇ ಅಧ್ಯಯನದಲ್ಲಿ, ಬಡ ಮಕ್ಕಳಲ್ಲಿ ಆ ನಂಬಿಕೆ ಇರುವವರೇ ಕಡಿಮೆ. ನಂಬಿಕೆಯನ್ನೂ ಮನೆಯ ಸ್ಥಿತಿ ತಿನ್ನುತ್ತದೆ ಅಂತಾಯಿತು. ಇನ್ನು, ಆ ನಂಬಿಕೆಯನ್ನು ಪಾಠ ಮಾಡಿ ತುಂಬಿದರೆ? ಅಮೆರಿಕದಲ್ಲಿ 2019ರಲ್ಲಿ ಪ್ರಕಟವಾದ ದೇಶವ್ಯಾಪಿ ಪ್ರಯೋಗದಲ್ಲಿ ಹಿಂದುಳಿದ ಮಕ್ಕಳ ಗ್ರೇಡ್ ಸರಾಸರಿ ಏರಿದ್ದು 0.1 ಅಂಕ, ನಾಲ್ಕರ ಮಾಪನದಲ್ಲಿ. ಸುಳ್ಳಲ್ಲ, ಆದರೆ ಸಣ್ಣದು.

ನನಗೆ ಇದಕ್ಕಿಂತ ಮುಖ್ಯ ಎನಿಸುವುದು ಡೊಮಿನಿಕನ್ ರಿಪಬ್ಲಿಕಿನ ಪ್ರಯೋಗ, 2010ರಲ್ಲಿ ಪ್ರಕಟವಾದದ್ದು. ಎಂಟನೇ ತರಗತಿಯ ಹುಡುಗರಿಗೆ ಓದಿದವರ ಸಂಬಳ ನಿಜವಾಗಿ ಎಷ್ಟೆಂದು ಹೇಳಿದರು. ಮುಂದಿನ ನಾಲ್ಕು ವರ್ಷದಲ್ಲಿ ಅವರು ಸರಾಸರಿ 0.20ರಿಂದ 0.35 ವರ್ಷ ಹೆಚ್ಚು ಓದಿದರು. ಆದರೆ ಲಾಭ ಆದದ್ದು ಸ್ವಲ್ಪ ಅನುಕೂಲ ಇದ್ದವರಿಗೆ. ತೀರಾ ಬಡವರ ಮನಸ್ಸು ಬದಲಾಯಿತು, ಕಾಲು ಶಾಲೆಗೆ ಬರಲಿಲ್ಲ, ಬಸ್ಸಿಗೆ ಹಣ ಬೇಕಲ್ಲ. ಕಾಸರಗೋಡಿನಲ್ಲಿ ಪ್ಲಸ್ ಟು (ಹನ್ನೆರಡನೇ ತರಗತಿ) ಮುಗಿಸಿ ಗಲ್ಫಿಗೆ ಹೋದ ನೆರೆಮನೆಯವನ ಹೊಸ ಮನೆ ಕಣ್ಣೆದುರಿಗೆ ಉಂಟು. ಡಿಗ್ರಿ ಓದಿದವನ ಸಂಬಳದ ಚೀಟಿಯನ್ನು ಮಗು ಕಂಡಿಲ್ಲ. ಆ ಮಗು ಓದಿನಲ್ಲಿ ಆಸಕ್ತಿ ತೋರಿಸದಿದ್ದರೆ ಅದು ಸೋಮಾರಿತನ ಅಲ್ಲ, ಕಂಡದ್ದರ ಲೆಕ್ಕ.

ಲೆಕ್ಕದ ಮಾಷ್ಟ್ರು

ಹಣವೇ ಕಾರಣವೋ, ಹಣದ ಜೊತೆ ಬರುವ ತಂದೆತಾಯಿಯ ಓದು ಕಾರಣವೋ ಎಂಬ ಪ್ರಶ್ನೆಗೂ ಉತ್ತರ ಸ್ವಲ್ಪ ಸಿಕ್ಕಿದೆ. ಅಮೆರಿಕದಲ್ಲಿ ದುಡಿಯುವ ಬಡ ಕುಟುಂಬಗಳಿಗೆ ತೆರಿಗೆಯ ಮೂಲಕ ಹಣ ಹಿಂದಿರುಗಿಸುವ ಯೋಜನೆಯ ಮೊತ್ತ ಏರಿದಾಗ ಏನಾಯಿತೆಂದು ಡಾಲ್ ಮತ್ತು ಲಾಕ್ನರ್ 2012ರಲ್ಲಿ ತೋರಿಸಿದರು: ವರಮಾನ ಸಾವಿರ ಡಾಲರ್ ಹೆಚ್ಚಾದರೆ ಗಣಿತ ಮತ್ತು ಓದಿನ ಅಂಕ ಮಾನಕ ವಿಚಲನೆಯ (ಮಕ್ಕಳ ಅಂಕ ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಚದುರಿದೆ ಎಂಬ ಅಳತೆ) ಸುಮಾರು 6 ಶೇಕಡದಷ್ಟು ಏರಿತು, ಚಿಕ್ಕ ಮಕ್ಕಳಲ್ಲಿ ಇನ್ನೂ ಜಾಸ್ತಿ. ತಂದೆತಾಯಿ ಅವರೇ, ಶಾಲೆ ಅದೇ, ಬದಲಾದದ್ದು ಹಣ.

ಹೇಗೆ ಎಂಬುದಕ್ಕೆ ನಮ್ಮ ಪಕ್ಕದ ತಮಿಳುನಾಡಿನಲ್ಲೇ ಒಂದು ಸುಳಿವು. ಕಬ್ಬು ಬೆಳೆಗಾರರಿಗೆ ಕೊಯ್ಲಿನ ಮೊದಲು, ಕೈ ಖಾಲಿ ಇದ್ದಾಗ, ಮತ್ತು ಕೊಯ್ಲಿನ ನಂತರ ಒಂದೇ ಬಗೆಯ ಬುದ್ಧಿ ಪರೀಕ್ಷೆ ಕೊಟ್ಟರು, 2013ರಲ್ಲಿ ಪ್ರಕಟ. ಅದೇ ರೈತ ಹಣ ಬಂದ ಮೇಲೆ ಚೆನ್ನಾಗಿ ಮಾಡಿದ. ಟೀಚರು ಹೇಳಿದ ಜೂನ್ ತಿಂಗಳಿಗೆ ಇದು ನೇರ ತಾಗುತ್ತದೆ. ಜೂನಿನಲ್ಲಿ ಮಗುವಿನ ಮನೆಯಲ್ಲಿ ಎಲ್ಲರ ತಲೆಯೂ ಸಾಲದಲ್ಲಿರುವಾಗ ಪುಸ್ತಕದ ಹತ್ತಿರ ಕೂರಿಸುವವರು ಯಾರು? ಹಾಗಾಗಿ ಓದಿನ ಪರೀಕ್ಷೆಯನ್ನು ಎರಡು ಸಲ ಇಡಿ, ಒಮ್ಮೆ ಜುಲೈಯಲ್ಲಿ, ಒಮ್ಮೆ ಜನವರಿಯಲ್ಲಿ. ಯಾವ ಮನೆಯ ಮಗುವಿನ ಅಂಕ ಎಷ್ಟು ಏರಿತು ಎಂಬುದನ್ನೇ ಹೋಲಿಸಿ.

ಬೇಳದ ಟೀಚರ್

ಮನೋಭಾವದ 20 ವಾಕ್ಯಗಳ ಬಗ್ಗೆ. "ನನಗೆ ಓದು ಇಷ್ಟ" ಎಂದು ಬರೆದರೆ ತರಗತಿಯಲ್ಲಿ ಎಲ್ಲರೂ ಪೂರ್ತಿ ಒಪ್ಪುತ್ತಾರೆ, ಪೇಪರು ಒಟ್ಟು ಮಾಡುವವರು ಟೀಚರಲ್ಲವೇ. "ಗಣಿತ ನನ್ನಿಂದ ಆಗುವುದಿಲ್ಲ" ಎಂಬಂಥ ವಾಕ್ಯಕ್ಕೆ "ಒಪ್ಪುವುದಿಲ್ಲ" ಎಂದು ಉತ್ತರಿಸುವಾಗ ಎರಡು ಇಲ್ಲ ಸೇರಿ ಮಕ್ಕಳು ತಪ್ಪು ಚೌಕಕ್ಕೆ ಗುರುತು ಹಾಕುತ್ತಾರೆ. ಅಂಥದ್ದನ್ನು "ಗಣಿತ ನನಗೆ ಕಷ್ಟ" ಎಂದು ತಿರುಗಿಸಿ.

ಅಭಿಪ್ರಾಯಕ್ಕಿಂತ ನಡೆದದ್ದನ್ನು ಕೇಳಿ. ಕಳೆದ ಏಳು ದಿನದಲ್ಲಿ ಯಾರೂ ಹೇಳದೆ ಎಷ್ಟು ದಿನ ಪುಸ್ತಕ ತೆಗೆದೆ? ಗೊತ್ತಾಗದ ಲೆಕ್ಕ ಬಂದರೆ ಯಾರ ಹತ್ತಿರ ಕೇಳುತ್ತೀ? ಶಾಲೆ ಬಿಟ್ಟ ಮೇಲೆ ಆರು ಗಂಟೆಯವರೆಗೆ ಏನು ಮಾಡಿದೆ? ಈ ಕೊನೆಯದರಲ್ಲಿ ಬೀಡಿಗೆ ಎಲೆ ಕತ್ತರಿಸಿಕೊಟ್ಟದ್ದು, ಅಡಿಕೆ ಹೆಕ್ಕಿದ್ದು, ತಂಗಿಯನ್ನು ನೋಡಿಕೊಂಡದ್ದು ಎಲ್ಲ ಬರುತ್ತದೆ. ಅಲ್ಲಿಗೆ ಆಸಕ್ತಿ ಇಲ್ಲವೋ ಸಮಯ ಇಲ್ಲವೋ ಎಂಬುದು ಬೇರೆ ಬೇರೆಯಾಗಿ ಕಾಣುತ್ತದೆ. ಊಟವನ್ನೂ ಕೇಳಿ. ಮಧ್ಯಾಹ್ನದ ಊಟದ ಯೋಜನೆ ಎಂಟನೇ ತರಗತಿವರೆಗೆ ಮಾತ್ರ, ನಿಮ್ಮ ಒಂಬತ್ತನೇ ತರಗತಿ ಅದರ ಹೊರಗೆ.

ಉಪ್ಪಳ ಪೇಟೆ

ಅಧ್ಯಯನ ಆಗುತ್ತಿರಲಿ, ಈ ವರ್ಷವೇ ಮಕ್ಕಳ ಕೈಗೆ ಹಣ ತಲುಪುವ ಒಂದು ದಾರಿ ಉಂಟು: ಎನ್‌ಎಂಎಂಎಸ್, ಬಡ ಮಕ್ಕಳಿಗೆ ಕೇಂದ್ರ ಸರಕಾರದ ವಿದ್ಯಾರ್ಥಿವೇತನ. ಎಂಟನೇ ತರಗತಿಯಲ್ಲಿ ಪರೀಕ್ಷೆ, ಗೆದ್ದವರಿಗೆ ಒಂಬತ್ತರಿಂದ ಪ್ಲಸ್ ಟುವರೆಗೆ ವರ್ಷಕ್ಕೆ 12,000, ಒಟ್ಟು 48,000 ರೂಪಾಯಿ. ಸರಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ. ಮನೆಯ ವರಮಾನ ವರ್ಷಕ್ಕೆ ಮೂರೂವರೆ ಲಕ್ಷ ಮೀರಬಾರದು, ಏಳನೇ ತರಗತಿಯಲ್ಲಿ 55 ಶೇಕಡ ಬೇಕು, ಪರಿಶಿಷ್ಟರಿಗೆ 50. ಎರಡು ಪೇಪರು: ಒಂದು ತರ್ಕದ್ದು, ಒಂದು ಪಾಠದ್ದು, ತಲಾ 90 ಪ್ರಶ್ನೆ, 90 ನಿಮಿಷ. ಎರಡರಲ್ಲೂ 40 ಶೇಕಡ, ಪರಿಶಿಷ್ಟರಿಗೆ 32.

ಇದು ಕೈತಪ್ಪಿ ಹೋಗುವುದು ಎಲ್ಲಿ ಎಂದರೆ ಪರೀಕ್ಷೆಯಲ್ಲಿ ಅಲ್ಲ, ಕಾಗದದಲ್ಲಿ. ಆಧಾರಿನಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಶಾಲೆಯ ರಿಜಿಸ್ಟರಿನಲ್ಲಿ ಹಿಂದೆ, ಪೋರ್ಟಲ್ ಒಪ್ಪದು. ಇದನ್ನು ಏಳನೇ ತರಗತಿಯಲ್ಲೇ ಸರಿ ಮಾಡಿಸಿ. ಬ್ಯಾಂಕ್ ಖಾತೆ ಮಗುವಿನ ಹೆಸರಿನಲ್ಲಿ, ಆಧಾರ್ ಜೋಡಣೆ ಆಗಿರಬೇಕು. ಖಾತೆ ಎರಡು ವರ್ಷ ಮುಟ್ಟದೆ ಬಿಟ್ಟರೆ ಬ್ಯಾಂಕ್ ಅದನ್ನು ನಿಷ್ಕ್ರಿಯ ಮಾಡಿ ಹಣ ಬರಲು ತೊಂದರೆಯಾಗಬಹುದು, ಆಗಾಗ ಹತ್ತು ರೂಪಾಯಿ ಹಾಕಿ ತೆಗೆಯಲಿ. ವರಮಾನ ಸರ್ಟಿಫಿಕೇಟಿಗೆ ಅಕ್ಷಯ ಕೇಂದ್ರದಲ್ಲಿ (ಸರಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಕಡೆ) ಕೊನೆಯ ವಾರ ನೂಕುನುಗ್ಗಲು, ಆಗಸ್ಟಿನಲ್ಲೇ ಅರ್ಜಿ ಹಾಕಿ. ಗೆದ್ದ ಮೇಲೂ ಪ್ರತಿ ವರ್ಷ ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲಿನಲ್ಲಿ ನವೀಕರಣ ಮಾಡಬೇಕು, ಶಾಲೆಯ ನೋಡಲ್ ಟೀಚರು ಅದನ್ನು ಪರಿಶೀಲಿಸಿ ಮುಂದೆ ಕಳಿಸಬೇಕು. ಅವರು ದಿನಾಂಕ ತಪ್ಪಿಸಿದರೆ ಮಗುವಿನ ತಪ್ಪಿಲ್ಲದೆ ಒಂದು ವರ್ಷದ 12,000 ಹೋಯಿತು. ಹತ್ತನೆಯದರಲ್ಲಿ 60 ಶೇಕಡ ಬೇಕೆಂಬುದನ್ನೂ ಮನೆಯವರಿಗೆ ಮೊದಲೇ ಹೇಳಿ.

ಬೀಡಿ ಕಾರ್ಮಿಕರ ಗುರುತಿನ ಕಾರ್ಡು ಇರುವ ಮನೆಗೆ ಕಾರ್ಮಿಕ ಇಲಾಖೆಯ ಬೇರೆ ವಿದ್ಯಾರ್ಥಿವೇತನ ಅದೇ ಪೋರ್ಟಲಿನಲ್ಲಿ ಉಂಟು. ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ಹಿಡಿಯಿರಿ.

ಕಣಿಪುರ

ಇಲ್ಲಿಗೇ ಸೇರಿದ ಇನ್ನೊಂದು. ಹತ್ತರವರೆಗೆ ಕನ್ನಡ ಮಾಧ್ಯಮ, ಪ್ಲಸ್ ವನ್ನಿಗೆ ಬಂದ ಕೂಡಲೇ ಪುಸ್ತಕ ಇಂಗ್ಲಿಷಿನಲ್ಲಿ, ವಿವರಣೆ ಬಹಳ ಕಡೆ ಮಲಯಾಳದಲ್ಲಿ. ಕೈಯಲ್ಲಿ ಹಣ ಇರುವವರು ತಲಪಾಡಿಯ ಗಡಿ ದಾಟಿ ಮಂಗಳೂರಿನ ಪಿಯುಸಿಗೆ ಸೇರಿಸುತ್ತಾರೆ. ಇಲ್ಲದವರ ಮಗು ಇಲ್ಲೇ ಕೂತು ಎರಡು ಭಾಷೆಯನ್ನು ಒಟ್ಟಿಗೆ ದಾಟಬೇಕು. ವರಮಾನದ ಅಂತರ ಹತ್ತನೆಯದರಲ್ಲಿ ಅಷ್ಟಾಗಿ ಕಾಣದೆ ಹನ್ನೊಂದರಲ್ಲಿ ಎದ್ದು ಕಾಣುವುದು ಇದಕ್ಕೆ. ಓದುಗರೇ, ನಿಮ್ಮ ಮಾದರಿಯಲ್ಲಿ ಪ್ಲಸ್ ವನ್ನಿನ ಮಕ್ಕಳನ್ನು ಸ್ವಲ್ಪವಾದರೂ ಸೇರಿಸಿ. ಅವರು ಯಾವ ಮಾಧ್ಯಮದಿಂದ ಬಂದವರು, ಮನೆಯಲ್ಲಿ ಯಾವ ಮಾತು, ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ.

ಎಣ್ಮಕಜೆ ಓದುಗ

ಎಲ್ಲರಿಗೂ ನಮಸ್ಕಾರ. ವಾರ್ಷಿಕ ವರಮಾನದ ಪ್ರಶ್ನೆ ತೆಗೆದೆ, 12 ತಿಂಗಳ ಪಟ್ಟಿ ಹಾಕಿದೆ. ಶಾಲೆಗೆ 15ರಂತೆ 22 ಶಾಲೆ. ಲಿಖಿತ ಅಂಕ, ಜುಲೈ–ಜನವರಿಯ ಓದಿನ ಪರೀಕ್ಷೆ. ಪ್ಲಸ್ ವನ್ ಈ ಸಲ ಹಿಡಿಸದು, ಸಮಯ ಇಲ್ಲ. ಅನುಮತಿ ಯಾರದ್ದು ಬೇಕು?

ಬೇಳದ ಟೀಚರ್

ಹೈಸ್ಕೂಲಾದ್ದರಿಂದ ಕಾಸರಗೋಡಿನ ಡಿಇಒ (ಜಿಲ್ಲಾ ಶಿಕ್ಷಣಾಧಿಕಾರಿ) ಕಚೇರಿಯಿಂದ ಪತ್ರ, ಮತ್ತೆ ಪ್ರತಿ ಶಾಲೆಯ ಹೆಡ್‌ಮಾಸ್ಟರರಿಂದ. ಅನುದಾನಿತ ಶಾಲೆಯಲ್ಲಿ ಮ್ಯಾನೇಜರಿಗೂ ಒಂದು ಮಾತು ಹೇಳಿ. ಮನೆಯವರ ಒಪ್ಪಿಗೆ ಪತ್ರ ಕನ್ನಡದಲ್ಲಿ ಒಂದೇ ಪುಟ ಇರಲಿ. ಓದಲು ಬಾರದ ತಾಯಿಗೆ ಓದಿ ಹೇಳಿ ಸಹಿ ಪಡೆಯಿರಿ. ಮಗುವಿನ ಹೆಸರು ಪ್ರಶ್ನಾವಳಿಯಲ್ಲಿ ಬೇಡ, ಸಂಖ್ಯೆ ಹಾಕಿ. ಹೆಸರು–ಸಂಖ್ಯೆಯ ಪಟ್ಟಿ ಬೇರೆ ಪುಸ್ತಕದಲ್ಲಿ ನಿಮ್ಮ ಹತ್ತಿರ ಮಾತ್ರ ಇರಲಿ, ಶಾಲೆಗೆ ಕೊಡಬೇಡಿ. ಯಾವ ಮನೆಯಲ್ಲಿ ಚಿನ್ನ ಅಡವಿಟ್ಟದ್ದು ಎಂಬುದು ಸ್ಟಾಫ್ ರೂಮಿಗೆ ತಲುಪಬಾರದು. ಮೊದಲು ನಿಮ್ಮ ಮಾದರಿಯಲ್ಲಿ ಇಲ್ಲದ ಒಂದು ಶಾಲೆಯಲ್ಲಿ 20 ಮಕ್ಕಳಿಗೆ ಕೊಟ್ಟು ನೋಡಿ, 40 ನಿಮಿಷದ ಪಿರಿಯಡಿನಲ್ಲಿ ಮುಗಿಯದ ಪ್ರಶ್ನೆಗಳನ್ನು ಕಡಿಮೆ ಮಾಡಿ.